ಹೊಸ್ತಿಲು ಒಳಗೋ ಹೊರಗೋ

ಶ್ರಾವಣದ ಎರಡನೇ ಶುಕ್ರವಾರ ಸಂಜೆ ಮಾವನ ಫೋನು. "ಹೊಸ್ತಿಲ ಕುಂಕುಮ ಹರಿದು ಹೋಗೈತೆ ನೋಡಮ್ಮಾ. ಬೆಳಿಗ್ಗೆ ಹಚ್ಚಿದ್ದು, ಸಂಜಿಗೆ ಇಲ್ಲ."

ಯಾವ ಮನೆಯ ಹೊಸ್ತಿಲು ಅಂತ ಕೇಳಿದೆ. ಮನೆಯದಲ್ಲ, ಕೋಲ್ಡ್ ಸ್ಟೋರೇಜಿನದು. ಮಾವ ಬಳ್ಳಾರಿಯ ಊರಾಚೆ ಒಂದು ಕೋಲ್ಡ್ ಸ್ಟೋರೇಜಿನ ಉಸ್ತುವಾರಿ ನೋಡಿಕೊಳ್ತಾರೆ. ಮೆಣಸಿನಕಾಯಿಯದು. ಸಿರುಗುಪ್ಪ, ಕುರುಗೋಡು ಕಡೆಯ ರೈತರು ಬೇಸಿಗೆಯಲ್ಲಿ ಚೀಲ ತಂದು ಒಳಗಿಟ್ಟರೆ, ರೇಟು ಏರೋವರೆಗೂ ತೆಗೆಯೋದಿಲ್ಲ. ಒಳಗೆ 5 ಡಿಗ್ರಿ, ಹೊರಗೆ ನಮ್ಮ ಬಳ್ಳಾರಿ. ಹಮಾಲರು ಪ್ರತಿ ಶುಕ್ರವಾರ ಆ ಕೋಣೆಯ ಬಾಗಿಲಿಗೂ ಪೂಜೆ ಮಾಡ್ತಾರೆ. ಬಾಗಿಲು ಅಂದಮೇಲೆ ಹೊಸ್ತಿಲು ಇರಬೇಕಲ್ಲ? ಅಲ್ಲಿ ಹೊಸ್ತಿಲು ಅಂತ ಏನೂ ಇಲ್ಲ. ಕಾಂಕ್ರೀಟ್ ನೆಲ ಒಳಗಿಂದ ಹೊರಗಿನವರೆಗೂ ಒಂದೇ ಸಮ ಹಾಸಿದೆ, ಬಾಗಿಲಿನ ರಬ್ಬರ್ ಬಂದು ಕೂರುವ ಕಡೆ ಒಂದು ಗೆರೆ ಇದೆ. ಆ ಗೆರೆಗೇ ಅರಿಶಿಣ, ಕುಂಕುಮ, ಎರಡು ಊದಿನಕಡ್ಡಿ.

ಕುಂಕುಮ ಹರಿದದ್ದಕ್ಕೆ ಕಾರಣ ನೀರು. ಗೆರೆಯ ಹೊರಮಗ್ಗುಲಲ್ಲಿ ನೆಲ ಬೆವರುತ್ತಿತ್ತು. ತಳ್ಳುಗಾಡಿಯ ಚಕ್ರ ಆ ನೀರನ್ನ ಒಳಗೆ ಎಳೆದುಕೊಂಡು ಹೋಗಿ, ತಳದ ಸಾಲಿನ ಚೀಲ ತೇವವಾಗುತ್ತಿತ್ತು. ಬೂಸ್ಟು ಬಂದರೆ ರೈತ ಸುಮ್ಮನಿರ್ತಾನಾ? ಮಾವನ ಪ್ರಶ್ನೆ ಎರಡು: ಆ ಗೆರೆಯಲ್ಲಿ ಎಷ್ಟು ಶಾಖ ಒಳಗೆ ನುಗ್ತೈತೆ, ಮತ್ತೆ ನೆಲ ಕೊರೆಸಿದರೆ ಬೆವರು ನಿಲ್ತೈತಾ. "ನೀನು ಕಂಪ್ಯೂಟರಾಗೆ ಅದೇನೋ ಬಣ್ಣ ಬಣ್ಣದ್ದು ಮಾಡ್ತೀಯಲ್ಲ, ಮಾಡಿ ಹೇಳು."

ನಾನು ಹನ್ನೊಂದು ವರ್ಷದಿಂದ ಮಾಡ್ತಿರೋದು ಆ ಬಣ್ಣ ಬಣ್ಣದ್ದೇ. ಮೊದಲು ಬೆಂಗಳೂರಲ್ಲಿ, ಈಗ ಬಳ್ಳಾರಿಯ ಮನೆಯ ಮಹಡಿ ಕೋಣೆಯಿಂದ. ಇಂಜಿನ್ ಭಾಗ, ಬ್ಯಾಟರಿ ಪೆಟ್ಟಿಗೆ, ಒಮ್ಮೆ ಒಂದು ಕುಲುಮೆಯ ಬಾಯಿ, ಎಲ್ಲದರ ಶಾಖದ ಲೆಕ್ಕ ಹಾಕಿದವಳು. ಒಂದು ಕಾಂಕ್ರೀಟ್ ನೆಲ ಎಷ್ಟರದ್ದು ಅಂದುಕೊಂಡೆ. ಅರ್ಧ ಗಂಟೆ ಸಾಕು ಅಂತ ಮಾವನಿಗೆ ಹೇಳಿಯೂ ಬಿಟ್ಟೆ. ಹೇಳಬಾರದಿತ್ತು.

ಮಾಡೆಲ್ ಚಿಕ್ಕದು. ನೆಲವನ್ನ ಅಡ್ಡಕ್ಕೆ ಸೀಳಿದರೆ ಕಾಣುವ ಪಟ್ಟಿ: 150 ಮಿಲಿಮೀಟರ್ ದಪ್ಪದ ಕಾಂಕ್ರೀಟ್, ಕೆಳಗೆ ಇನ್ಸುಲೇಷನ್, ಅಲ್ಲಿಂದ ಶಾಖ ದಾಟೋದಿಲ್ಲ ಅಂತಿಟ್ಟೆ. ಕಾಂಕ್ರೀಟಿನ ವಾಹಕತೆ ಮೀಟರ್-ಡಿಗ್ರಿಗೆ 1.5 ವಾಟ್. ಶಾಖದ ಹೊರೆ ಬೇಸಿಗೆಯಲ್ಲೇ ಜಾಸ್ತಿ, ಆದ್ದರಿಂದ ಮೇ ತಿಂಗಳು ಹಿಡಿದೆ. ಗೆರೆಯ ಒಳಗಿನ ಮೇಲ್ಮೈ 5 ಡಿಗ್ರಿ, ಹೊರಗಿನ ಮೇಲ್ಮೈ 43. ರನ್ ಒತ್ತಿದೆ. ಲೆಕ್ಕಕ್ಕೆ ನೆಲವನ್ನ ಸಣ್ಣ ಸಣ್ಣ ತುಂಡುಗಳಾಗಿ ಸೀಳೋ ಬಲೆಗೆ ಮೆಶ್ ಅಂತಾರೆ; ಅದರ ಕಣ್ಣು 20 ಮಿಲಿಮೀಟರ್ ಇಟ್ಟಾಗ, ಬಾಗಿಲಿನ ಪ್ರತಿ ಮೀಟರ್ ಅಗಲಕ್ಕೆ 70 ವಾಟ್ ಬಂತು.

ಯಾವ ಲೆಕ್ಕವನ್ನೂ ಒಂದೇ ಮೆಶ್‌ನಲ್ಲಿ ನಂಬಬಾರದು, ಬಲೆಯ ಕಣ್ಣು ಸಣ್ಣದು ಮಾಡಿ ಇನ್ನೊಮ್ಮೆ ನೋಡಬೇಕು. 10 ಮಿಲಿಮೀಟರ್ ಮಾಡಿದೆ: 83. ಇನ್ನೂ ಅರ್ಧ, 5: 95. ಮತ್ತರ್ಧ, 2.5: 108.

ಸಾಮಾನ್ಯವಾಗಿ ಮೆಶ್ ಸಣ್ಣದಾದಂತೆ ಉತ್ತರ ಓಡೋದು ನಿಧಾನವಾಗಿ ಒಂದು ಕಡೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಓಡೋದು ನಿಧಾನವೂ ಆಗಲಿಲ್ಲ. ಪ್ರತಿ ಸಲ ಮೆಶ್ ಅರ್ಧ ಮಾಡಿದಾಗಲೂ ಅಳೆದು ಕೊಟ್ಟಂತೆ ಹನ್ನೆರಡೂವರೆ ವಾಟ್ ಸೇರುತ್ತಿತ್ತು. ಮಾವನಿಗೆ ಮೊದಲ ದಿನ 70 ಅಂತ ಹೇಳಿದ್ದೆ, ಮರುದಿನ 95 ಅಂದೆ. "ಅಲ್ಲಮ್ಮಾ, ಚೀಲದ ತೂಕ ದಿನಕ್ಕೊಂದು ಹೇಳಿದ್ರೆ ನನ್ನ ಇಟ್ಕೊಂತಾರಾ?" ಅಂದರು. ನಗ್ತಾನೇ ಅಂದರು, ಆದ್ರೂ ನಾಟಿತು.

ಆವಾಗ ಗೆರೆಯನ್ನೇ ದೊಡ್ಡದು ಮಾಡಿ ನೋಡಿದೆ. ಒಳಗಿನ ಮೇಲ್ಮೈ ಎಲ್ಲಿ ಮುಗಿಯುತ್ತೋ ಅಲ್ಲೇ ಹೊರಗಿನದು ಶುರು. ಅಲ್ಲಿ ಒಂದು ನೋಡ್ ಇದೆ, ಅಂದರೆ ಬಲೆಯ ಗಂಟು, ತಾಪಮಾನದ ಲೆಕ್ಕ ಕೂರೋ ಚುಕ್ಕೆ, ಒಂದೇ ಒಂದು. ಅದು ಎರಡೂ ಮೇಲ್ಮೈಗೆ ಸೇರಿದ್ದು. ಒಳಗಿನವರು ಅದಕ್ಕೆ 5 ಆಗು ಅಂತಾರೆ, ಹೊರಗಿನವರು 43 ಆಗು ಅಂತಾರೆ. ಅದು ಏನಾಗಿತ್ತು ಗೊತ್ತಾ? 43. ಯಾಕೆ? ನಾನು ಹೊರಗಿನದನ್ನ ಆಮೇಲೆ ಬರೆದಿದ್ದೆ, ಅಷ್ಟೇ ಕಾರಣ. ಎರಡು ಸಾಲು ಅದಲು ಬದಲು ಮಾಡಿ ಓಡಿಸಿದೆ, 5 ಆಯ್ತು. ಎರಡು ಸಲವೂ ಎಚ್ಚರಿಕೆ ಇಲ್ಲ, ಕೆಂಪು ಗೆರೆ ಇಲ್ಲ. ಲೆಕ್ಕ ಮುಗೀತು ಅಂತ ಹಸಿರು ಟಿಕ್ಕು.

ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪ ಬಸ್ಸು ನಿಲ್ಲೋದಕ್ಕೆ ಮುಂಚೆ ಕಿಟಕಿಯಿಂದ ಟವೆಲ್ ಹಾಕೋದನ್ನ ನೋಡಿದ್ದೀರಲ್ಲ? ಒಂದೇ ಸೀಟಿಗೆ ಎರಡು ಕಿಟಕಿಯಿಂದ ಎರಡು ಟವೆಲ್ ಬಿದ್ದರೆ ಜಗಳ ಆಗುತ್ತದೆ, ಮೊದಲು ಹಾಕಿದವನು ಗೆಲ್ತಾನೆ. ನಾನು ಈ ಲೆಕ್ಕ ಹಾಕಿದ ಆನ್ಸಿಸ್ ಅನ್ನೋ ಸಾಫ್ಟ್‌ವೇರಿನ ಕಮಾಂಡ್ ಭಾಷೆಯಲ್ಲಿ ಉಲ್ಟಾ: ಆಮೇಲೆ ಬಿದ್ದ ಟವೆಲ್ಲಿಗೇ ಸೀಟು. ನೋಡಿಗೆ ತಾಪಮಾನ ಕಟ್ಟೋ 'ಡಿ' ಕಮಾಂಡ್ ಎರಡು ಸಲ ಬರೆದರೆ ಎರಡನೆಯದು ಮೊದಲಿನದನ್ನ ಅಳಿಸಿ ಕೂತುಕೊಳ್ಳುತ್ತದೆ. ಇದನ್ನ ಬದಲಿಸೋಕೆ 'ಡಿಕಮ್' ಅಂತ ಇನ್ನೊಂದು ಕಮಾಂಡ್ ಇದೆ. ಅದರಲ್ಲಿ ಮೂರು ದಾರಿ. ಹಳೆಯದನ್ನ ಅಳಿಸು, ಇದು ತಾನಾಗೇ ಆಗೋದು. ಹೊಸದನ್ನ ಲೆಕ್ಕಕ್ಕಿಡಬೇಡ, ಇದು ನಮ್ಮ ಬಸ್ಸಿನ ನ್ಯಾಯ. ಇಲ್ಲವೇ ಎರಡನ್ನೂ ಕೂಡಿಸು. ಕುತೂಹಲಕ್ಕೆ ಕೂಡಿಸು ಅಂತಲೂ ಕೊಟ್ಟು ನೋಡಿದೆ. 5 ಮತ್ತು 43 ಸೇರಿ ಹೊಸ್ತಿಲು 48 ಡಿಗ್ರಿ! ಒಳಗೆ ಫ್ರಿಡ್ಜು, ಹೊರಗೆ ಬಿಸಿಲು, ನಡುವೆ ಬಿಸಿಲಿಗಿಂತ ಬಿಸಿಯಾದ ಒಂದು ಗೆರೆ.

ರಾಯಚೂರಿನಲ್ಲಿ ಪಾಠ ಮಾಡೋ ಕಾಲೇಜಿನ ಗೆಳೆಯನಿಗೆ ಫೈಲು ಕಳಿಸಿದೆ. ಅವನದು ಸ್ವಂತ ಬರೆದುಕೊಂಡ ಕೋಡ್, ಹುಡುಗರಿಗೆ ಕಲಿಸೋಕೆ ಇಟ್ಟುಕೊಂಡದ್ದು. ಅವನ ಉತ್ತರ 24. "ನನ್ನ ಕೋಡ್ ಬಾಳ ನ್ಯಾಯಸ್ಥ ಅದ, ಯಾರಿಗೂ ಬ್ಯಾಸರ ಮಾಡಲ್ಲ" ಅಂತ ಬರೆದ. ನಿಜಕ್ಕೂ ಅದು ನ್ಯಾಯ ಅಲ್ಲ, ಗಣಿತದ ಪರಿಣಾಮ. ಅವನು ಪೆನಾಲ್ಟಿ ವಿಧಾನ ಬಳಸಿದ್ದಾನೆ. ನೋಡನ್ನ ಒಂದು ತಾಪಮಾನಕ್ಕೆ ಕಟ್ಟಬೇಕು ಅಂದರೆ, ಆ ತಾಪಮಾನದ ಜೊತೆಗೆ ಅದನ್ನ ಬಲು ಬಿಗಿಯಾದ ಹಗ್ಗದಿಂದ ಬಿಗಿಯುವುದು. ಸಮೀಕರಣದಲ್ಲಿ ಒಂದು ಭಾರೀ ಸಂಖ್ಯೆ ಸೇರಿಸೋದು. ಎರಡು ಕಡೆಯಿಂದ ಒಂದೇ ಬಿಗಿತದ ಎರಡು ಹಗ್ಗ ಎಳೆದರೆ ನೋಡ್ ನಟ್ಟನಡುವೆ ನಿಲ್ಲುತ್ತದೆ. 5 ಮತ್ತು 43ರ ಸರಾಸರಿ 24. ಅಲ್ಲಿಗೆ ಒಂದೇ ನೆಲಕ್ಕೆ ನಾಲ್ಕು ಹೊಸ್ತಿಲು: 5, 24, 43, 48.

ಇದೆಲ್ಲ ತಾಪಮಾನಕ್ಕೆ ತಾಪಮಾನ ಎದುರು ನಿಂತಾಗಿನ ಕತೆ. ಮೇಲ್ಮೈಗೆ ನಾವು ಹಾಕೋ ಷರತ್ತು ಬೇರೆ ಬೇರೆ ಜಾತಿಯದಾದರೆ ಪಂಚಾಯ್ತಿ ಬೇರೆ. ಓದಿದವರಿಗೆ ಡಿರಿಕ್ಲೆ, ನಾಯ್ಮನ್, ರಾಬಿನ್ ಅನ್ನೋ ಮೂರು ಹೆಸರು ನೆನಪಿರುತ್ತವೆ. ಮೊದಲನೆಯದು ಇಷ್ಟೇ ಡಿಗ್ರಿ ಇರಬೇಕು ಅನ್ನುತ್ತೆ. ಎರಡನೆಯದು ಇಷ್ಟು ಶಾಖ ಒಳಬರಲಿ ಅನ್ನುತ್ತೆ. ಮೂರನೆಯದು ಹೊರಗಿನ ಗಾಳಿ ಇಷ್ಟು ಬಿಸಿ, ಅದಕ್ಕೂ ಮೈಗೂ ಇರೋ ವ್ಯತ್ಯಾಸಕ್ಕೆ ತಕ್ಕಷ್ಟು ಶಾಖ ದಾಟಲಿ ಅನ್ನುತ್ತೆ. ಮೊದಲನೆಯದು ಹಠಮಾರಿ. ಅದು ಕಟ್ಟಿದ ನೋಡಿಗೆ ನೀವು ಎಷ್ಟೇ ಶಾಖ ಸುರಿದರೂ ತಾಪಮಾನ ಅಲ್ಲಾಡೋದಿಲ್ಲ, ಸುರಿದದ್ದೆಲ್ಲ ರಿಯಾಕ್ಷನ್ ಲೆಕ್ಕದಲ್ಲಿ ಆಚೆ ಹೋಗುತ್ತದೆ. ಉಳಿದೆರಡು ಮದುವೆಯ ಮುಯ್ಯಿ ಇದ್ದಂತೆ. ಯಾರು ಎಷ್ಟು ಕೊಟ್ಟರೂ ಪುಸ್ತಕದಲ್ಲಿ ಕೂಡುತ್ತಾ ಹೋಗೋದು, ಒಬ್ಬರದು ಬಂತು ಅಂತ ಇನ್ನೊಬ್ಬರದನ್ನ ಹೊಡೆದುಹಾಕೋದಿಲ್ಲ.

ಕಾಮ್ಸೋಲ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಈ ಎರಡು ಜಾತಿಯನ್ನ ಬಾಯಿಬಿಟ್ಟು ಹೇಳುತ್ತೆ. ತಾಪಮಾನ ಒಂಟಿ ಷರತ್ತು: ಒಂದೇ ಮೇಲ್ಮೈಗೆ ಎರಡು ಕೊಟ್ಟರೆ ಪಟ್ಟಿಯಲ್ಲಿ ಕೆಳಗಿರೋದು ಗೆಲ್ಲುತ್ತದೆ, ಮೇಲಿನದು ತಳ್ಳಿಹೋಗಿದೆ ಅಂತ ಅಲ್ಲೇ ಬರೆದಿರುತ್ತದೆ. ಹೀಟ್ ಫ್ಲಕ್ಸ್, ಅಂದರೆ ಇಷ್ಟು ಶಾಖ ಒಳಬರಲಿ ಅನ್ನೋದು, ಕೂಡೋ ಷರತ್ತು. ಈ ಪಾರದರ್ಶಕತೆ ನನಗೆ ಇಷ್ಟ. ಆನ್ಸಿಸ್‌ನ ಹಳೇ ಘನ ಎಲಿಮೆಂಟುಗಳಲ್ಲಿ (ಮೆಶ್‌ನ ತುಂಡುಗಳಲ್ಲಿ) ಮುಯ್ಯಿಗೂ ಒಂದು ಕೊಕ್ಕೆ ಇದೆ. ಒಂದೇ ಮುಖಕ್ಕೆ ಕನ್ವೆಕ್ಷನ್ (ಮೇಲೆ ಹೇಳಿದ ಗಾಳಿಯ ಷರತ್ತು) ಮತ್ತು ಹೀಟ್ ಫ್ಲಕ್ಸ್ ಎರಡೂ ಹಿಡಿಸೋದಿಲ್ಲ, ಒಂದನ್ನೇ ಇಟ್ಟುಕೊಳ್ಳುತ್ತದೆ. ಎರಡೂ ಬೇಕಂದರೆ ಮೇಲೆ ಸರ್ಫ್152 ಅನ್ನೋ ತೆಳು ಪದರ ಹೊದಿಸಿ, ಒಂದನ್ನ ಅದರ ಮೇಲೆ ಹಾಕಬೇಕು. ಸೂರ್ಯನ ಶಾಖ ಮತ್ತು ಗಾಳಿ ಎರಡೂ ಬೀಳೋ ತಾರಸಿಯ ಲೆಕ್ಕ ಹಾಕುವಾಗ ನನ್ನ ಬಿಸಿಲೇ ಒಮ್ಮೆ ಹೀಗೆ ಮಾಯವಾಗಿತ್ತು. ಬಳ್ಳಾರಿಯಲ್ಲಿ ಬಿಸಿಲು ಮಾಯ ಆಗಿದ್ದರಿಂದ ಅನುಮಾನ ಬಂದು ಹಿಡಿದೆ, ಮಡಿಕೇರಿಯ ತಾರಸಿಯಾಗಿದ್ದರೆ ಹಾಗೇ ಹೋಗಿರ್ತಿತ್ತೇನೋ.

ಓಪನ್‌ಫೋಮ್ ತರದ ಸಾಫ್ಟ್‌ವೇರುಗಳಿಗೆ ಹೊಸ್ತಿಲ ಜಗಳವೇ ಇಲ್ಲ. ಅಲ್ಲಿ ಅಂಚಿನ ತಾಪಮಾನ ಕೂರೋದು ಮೂಲೆಯ ಚುಕ್ಕೆಯಲ್ಲಲ್ಲ, ಪ್ರತಿ ಮುಖದ ನಡುವೆ. ಪ್ರತಿ ಮುಖವೂ ಒಂದೇ ಪ್ಯಾಚಿಗೆ, ಅಂದರೆ ಮುಖಗಳ ಒಂದೇ ಗುಂಪಿಗೆ, ಸೇರಿದ್ದು. ಮುಖಗಳ ನಡುವಿನ ಗೆರೆಯನ್ನ ಯಾರೂ ಏನೂ ಕೇಳೋದಿಲ್ಲ. ಹಾಗಂತ ಅಲ್ಲಿಗೆ ಹೋದರೆ ನನ್ನ 70, 83, 95ರ ಕಾಯಿಲೆ ವಾಸಿಯಾಗ್ತಿತ್ತಾ? ಇಲ್ಲ. ಇದು ಅರ್ಥವಾಗೋಕೆ ನನಗೆ ಒಂದು ರಾತ್ರಿ ಹಿಡೀತು, ಕರೆಂಟ್ ಹೋಗಿ ಕಾಗದ ಪೆನ್ನು ಹಿಡಿದಾಗ.

ಗೆರೆಯ ಈ ಕಡೆ 5, ಆ ಕಡೆ 43, ನಡುವೆ ಅಂತರವೇ ಇಲ್ಲ. 38 ಡಿಗ್ರಿಯ ಜಿಗಿತ ಸೊನ್ನೆ ದೂರದಲ್ಲಿ. ಹಾಗಿದ್ದಾಗ ಗೆರೆಗೆ ಹತ್ತಿರ ಹೋದಷ್ಟೂ ಶಾಖದ ಹರಿವು ದೂರಕ್ಕೆ ವಿಲೋಮವಾಗಿ ಏರುತ್ತದೆ. ವಾಹಕತೆ 1.5 ಅನ್ನ 38ರಿಂದ ಗುಣಿಸಿ, ಪೈಯಿಂದ ಭಾಗಿಸಿದರೆ 18. ಇದನ್ನ ಗೆರೆಯಿಂದ ಇರೋ ದೂರದಿಂದ ಭಾಗಿಸಿ. ಒಂದು ಸೆಂಟಿಮೀಟರ್ ದೂರದಲ್ಲಿ ಚದರ ಮೀಟರಿಗೆ 1,800 ವಾಟ್, ಒಂದು ಮಿಲಿಮೀಟರ್ ದೂರದಲ್ಲಿ 18,000. ನೆತ್ತಿ ಸುಡೋ ಮಧ್ಯಾಹ್ನದ ಬಿಸಿಲೇ ಸುಮಾರು 1,000. ಇನ್ನೂ ಹತ್ತಿರ ಹೋದರೆ ಇನ್ನೂ ಜಾಸ್ತಿ, ಕೊನೆಯೇ ಇಲ್ಲ. ಇದನ್ನೆಲ್ಲ ಕೂಡಿಸಿದರೆ ಲಾಗರಿದಮ್ ಬರುತ್ತದೆ. ಲಾಗರಿದಮ್ಮಿನ ಸ್ವಭಾವ ಗೊತ್ತಲ್ಲ, ಅರ್ಧ ಮಾಡಿದಾಗೆಲ್ಲ ಒಂದೇ ಮೊತ್ತ ಸೇರಿಸುತ್ತದೆ. 18.1 ಅನ್ನ 2ರ ಸ್ವಾಭಾವಿಕ ಲಾಗ್ 0.693ರಿಂದ ಗುಣಿಸಿದೆ. 12.5. ಮೂರು ದಿನದಿಂದ ನನ್ನ ಕಾಡಿದ ಹನ್ನೆರಡೂವರೆ!

ಕತ್ತಲಲ್ಲಿ ಒಬ್ಬಳೇ ನಕ್ಕೆ. ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ಉತ್ತರ ಅನಂತ. ಅದು ಪಾಪ, ಮೆಶ್ ಬಿಟ್ಟಷ್ಟು ದೂರ ಅನಂತದ ಕಡೆ ನಡೆದಿತ್ತು. ಆ ಒಂದು ನೋಡ್ 5 ಆಗಲಿ, 43 ಆಗಲಿ, 24 ಆಗಲಿ, ಬಲೆಯ ಒಂದು ಕಣ್ಣಿನಷ್ಟು ಆಚೀಚೆ ಆಗುತ್ತದೆ ಹೊರತು ಓಟ ನಿಲ್ಲೋದಿಲ್ಲ.

ಇದಕ್ಕಿಂತ ನಾಚಿಕೆಯಾಗಿದ್ದು ಇನ್ನೊಂದು ವಿಷಯಕ್ಕೆ. ಮಾವ ಕೇಳಿದ್ದು ಬೆವರಿನ ಬಗ್ಗೆ. ನೆಲ ಬೆವರಬೇಕಾದರೆ ಅದರ ಮೈ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗೋಕೆ ಶುರುವಾಗೋ ತಾಪಮಾನಕ್ಕಿಂತ, ತಣ್ಣಗಾಗಬೇಕು. ಹೊರಗಿನ ಮೈಯನ್ನ ಗಾಳಿಯ ತಾಪಮಾನಕ್ಕೇ ಕಟ್ಟಿಹಾಕಿದವಳು ನಾನೇ. ಕಟ್ಟಿದ ಮೈ ತಣ್ಣಗಾಗೋದು ಹೇಗೆ, ಬೆವರೋದು ಹೇಗೆ? ಅಲ್ಲಿ ಕುಂಕುಮ ಹರೀತಿದೆ, ಇಲ್ಲಿ ನನ್ನ ಮಾಡೆಲ್ಲಿನಲ್ಲಿ ಬೆವರಿಗೆ ಜಾಗವೇ ಇಲ್ಲ.

ಎರಡೂ ತಾಪಮಾನ ಕಿತ್ತುಹಾಕಿ ಎರಡೂ ಕಡೆ ಕನ್ವೆಕ್ಷನ್ ಕೊಟ್ಟೆ. ಒಳಗಿನ ಗಾಳಿ 5, ಹೊರಗಿನದು 43, ಗಾಳಿಗೂ ನೆಲಕ್ಕೂ ನಡುವಿನ ಕೊಡುಕೊಳ್ಳುವಿಕೆ ಚದರ ಮೀಟರ್-ಡಿಗ್ರಿಗೆ 10 ವಾಟ್. ಹೊಸ್ತಿಲ ನೋಡಿಗೆ ಈಗ ಎರಡೂ ಕಡೆಯಿಂದ ಮುಯ್ಯಿ ಬರುತ್ತದೆ, ಆಜ್ಞೆ ಬರೋದಿಲ್ಲ. ಅದು ತಾನೇ ಲೆಕ್ಕ ಹಾಕಿಕೊಂಡು ನಡುವಿನ 24ಕ್ಕೆ ನಿಂತಿತು. ಗೆಳೆಯನ ಕೋಡಿನದೂ 24 ಆಗಿತ್ತಲ್ಲ ಅಂತೀರಾ? ಹೌದು. ಎರಡೂ ಕಡೆ ಒಂದೇ 10 ಇಟ್ಟದ್ದರಿಂದ ಕಾಕತಾಳೀಯವಾಗಿ ಕೂಡಿ ಬಂತು. ಹೊರಗೆ ಫ್ಯಾನ್ ಹಚ್ಚಿದರೆ ನನ್ನದು ಮೇಲೇರುತ್ತದೆ, ಅವನದು ಅಲ್ಲೇ ಇರುತ್ತದೆ. ಅವನಿಗೆ ಇದನ್ನ ಹೇಳಿದರೆ "ನೋಡಿದಿಯಾ, ಮೊದಲೇ ಹೇಳಿದ್ದೆ" ಅಂತ ಇವತ್ತಿಗೂ ಬೀಗ್ತಾನೆ.

ಒಟ್ಟು ಶಾಖ ಮೀಟರಿಗೆ 26 ವಾಟ್. ಮೆಶ್ ಅರ್ಧ ಮಾಡಿದೆ, 26. ಮತ್ತರ್ಧ, 26. ಎರಡು ಮೀಟರ್ ಬಾಗಿಲಿಗೆ 52 ವಾಟ್, ಒಂದು ಹಳೇ ಗಾಜಿನ ಬಲ್ಬಿನಷ್ಟು. ಇಷ್ಟಕ್ಕೆ ನೆಲ ಕೊರೆಸೋದು ಬೇಡ, ಕರೆಂಟ್ ಬಿಲ್ಲಿನಲ್ಲಿ ಇದು ಕಾಣೋದೂ ಇಲ್ಲ ಅಂತ ಮಾವನಿಗೆ ಹೇಳಿದೆ. ಅವರ ಬಾಗಿಲು ದಿನಾ ತೆಗೆದಿಟ್ಟುಕೊಳ್ಳೋ ಹೊತ್ತಿನಲ್ಲಿ ಹೋಗೋ ತಂಪಿನ ಮುಂದೆ ಇದು ಯಾವ ಲೆಕ್ಕ. ಅದನ್ನೂ ಹೇಳಿದೆ, ಕೇಳಿಸಿಕೊಳ್ಳದ ಹಾಗೆ ಮಾಡಿದರು.

ಬೆವರಿಗೆ ಮಳೆಗಾಲದ ಗಾಳಿ ಹಾಕಿದೆ: 30 ಡಿಗ್ರಿ, ತೇವಾಂಶ ಶೇ. 75. ಅದರ ಇಬ್ಬನಿ ಬಿಂದು 25 ಡಿಗ್ರಿ. ನಮ್ಮ ಕಡೆ ಮೇ ತಿಂಗಳಲ್ಲಿ 43 ಇದ್ದರೂ ಗಾಳಿ ಒಣ, ಇಬ್ಬನಿ ಬಿಂದು ಎಲ್ಲೋ ಕೆಳಗಿರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಬೆವರದ ನೆಲ ಶ್ರಾವಣದಲ್ಲಿ ಬೆವರೋದು. ಲೆಕ್ಕದಲ್ಲಿ ಹೊಸ್ತಿಲು 17.5 ಬಂತು. ಅಲ್ಲಿಂದ ಹೊರಕ್ಕೆ 11 ಸೆಂಟಿಮೀಟರಿನವರೆಗೂ ನೆಲ 25ಕ್ಕಿಂತ ತಣ್ಣಗೆ. ಅಂದರೆ 11 ಸೆಂಟಿಮೀಟರ್ ಅಗಲದ ಒದ್ದೆ ಪಟ್ಟಿ.

ಪರಿಹಾರಕ್ಕೆ ಕಾಂಕ್ರೀಟನ್ನ ಗೆರೆಯುದ್ದಕ್ಕೂ ಕೊರೆದು ಇನ್ಸುಲೇಷನ್ ತುಂಬಬೇಕು. ಮೇಲೆ ತಳ್ಳುಗಾಡಿ ಓಡಾಡೋದರಿಂದ ಬರೀ ಪಫ್ (ಇನ್ಸುಲೇಷನ್ನಿನ ಹಗುರ ಫೋಮ್) ನಿಲ್ಲೋದಿಲ್ಲ, ಪುಡಿಯಾಗುತ್ತದೆ. ಕಬ್ಬಿಣದ ತಗಡು ಮುಚ್ಚಿದರೆ ತಗಡೇ ಶಾಖ ದಾಟಿಸುತ್ತದೆ. ಮಾವ ಸುಮ್ಮನೆ ಕೇಳಿದರು, "ಕಟ್ಟಿಗೆ ಹಾಕಿದ್ರೆ?" 75 ಮಿಲಿಮೀಟರ್ ಅಗಲದ ಕೊರೆತ, ತಳದಲ್ಲಿ ಪಫ್, ಮೇಲಿನ 40 ಮಿಲಿಮೀಟರ್ ಗಟ್ಟಿ ಕಟ್ಟಿಗೆ. ಓಡಿಸಿದೆ. ಕಟ್ಟಿಗೆ ಮುಗಿದು ಹೊರಗಿನ ಕಾಂಕ್ರೀಟ್ ಶುರುವಾಗೋ ಜಾಗ 28ರ ಹತ್ತಿರ ನಿಂತಿತು. ಕಾಂಕ್ರೀಟ್ ಬೆವರೋದಿಲ್ಲ. ಕಟ್ಟಿಗೆಯ ಒಳಮೈ ತಣ್ಣಗಿರುತ್ತದೆ ನಿಜ, ಆದರೆ ರಬ್ಬರನ್ನ ಅದರ ಹೊರ ಅಂಚಿಗೆ ಕೂರಿಸಿದರೆ ಆ ತಣ್ಣನೆ ಭಾಗ ಒಳಗೇ ಉಳಿಯುತ್ತದೆ. ಅಂತೂ ಹಮಾಲರಿಗೆ ನಿಜವಾದ ಕಟ್ಟಿಗೆ ಹೊಸ್ತಿಲೇ ಸಿಕ್ಕಂತಾಯ್ತು.

ಇಷ್ಟೆಲ್ಲ ಪ್ರಿಂಟ್ ತೆಗೆದುಕೊಂಡು ಹೋದ ದಿನ ಒಗ್ಗರಣೆ ಮಿರ್ಚಿ ತರಿಸಿದರು. ತಿನ್ನುತ್ತಾ ಬಣ್ಣದ ಚಿತ್ರ ನೋಡಿ, ಎಣ್ಣೆ ಬೆರಳನ್ನ ಪಂಚೆಗೆ ಒರೆಸಿಕೊಂಡು ಕೇಳಿದರು: "ಈ ಹತ್ತು ಅಂತ ಬರ್ದಿಯಲ್ಲ, ಗಾಳಿದು, ಇದು ಎಲ್ಲಿಂದ ತಂದೆ?"

ಪುಸ್ತಕದಿಂದ ಅಂದೆ. ಹೋಗಿ ಅಳೆದು ತಂದದ್ದಲ್ಲ.

ಮಾವ ಎದ್ದು ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಸೀಮೆಸುಣ್ಣದಿಂದ ಒದ್ದೆಯ ಅಂಚಿಗೆ ಅವರೇ ಗೆರೆ ಎಳೆದಿಟ್ಟಿದ್ದರು. ಕುಕ್ಕರುಗಾಲಲ್ಲಿ ಕೂತು ಕೈ ಅಗಲಿಸಿ ಅಳೆದರು. ಅರ್ಧ ಗೇಣು, ಮೇಲೆ ಎರಡು ಬೆರಳು. ನನ್ನ 11 ಸೆಂಟಿಮೀಟರ್ ಅಂದರೆ ಬರೀ ಅರ್ಧ ಗೇಣು. ಅಲ್ಲೇ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು 10ರ ಜಾಗದಲ್ಲಿ 15 ಹಾಕಿದೆ, ಪಟ್ಟಿ 8 ಸೆಂಟಿಮೀಟರಿಗೆ ಇಳಿಯಿತು. 6 ಹಾಕಿದೆ, 15 ದಾಟಿತು. ಮಾವನ ಕೈಯಳತೆಯೂ ಹೆಚ್ಚೂಕಡಿಮೆ 15. ತಲೆ ಎತ್ತಿ ನೋಡಿದರೆ ಆ ಬಾಗಿಲಿನ ಮುಂದೆ ಮೂರು ಕಡೆ ಗೋಡೆ, ಎದುರಿಗೆ ಲಾರಿ, ಊದಿನಕಡ್ಡಿಯ ಹೊಗೆ ನೆಟ್ಟಗೆ ಮೇಲೆ ಹೋಗ್ತಿತ್ತು.

ಕೊರೆಯೋ ಕೆಲಸ ಸ್ಟಾಕು ಖಾಲಿಯಾದ ಮೇಲೆ. ಅಲ್ಲಿಯವರೆಗೂ ಹೊಸ್ತಿಲ ಹೊರಗೆ ಒಂದು ಗೋಣಿಚೀಲ ಹಾಸಿದ್ದಾರೆ, ಕುಂಕುಮ ಗೋಡೆಗೆ ಹಚ್ಚುತ್ತಿದ್ದಾರೆ. ನಾನು 6 ಇಟ್ಟುಕೊಂಡು ಕಟ್ಟಿಗೆಯ ಲೆಕ್ಕ ಮತ್ತೊಮ್ಮೆ ಓಡಿಸಬೇಕು.